ಒಂದೇ ಗಿರಾಕಿಯ ಸಂತೆ

ನೆಸ್ಟಾ ಬಫ್ಟನ್ ನಮ್ಮೂರಿನ ಮೇಯರು. ಪೊಲೀಸೂ ಅವರೇ. ಊರಿನ ಬಿಯರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ರುಚಿ ನೋಡಿ ಹೇಳುವ ಅಧಿಕಾರವೂ ಅವರದೇ. ಮೂರರಲ್ಲಿ ಈ ಕೊನೆಯ ಹುದ್ದೆಯನ್ನು ತುಸು ಹೆಚ್ಚೇ ನಿಷ್ಠೆಯಿಂದ ನಿಭಾಯಿಸುತ್ತಾರೆ. ಇಷ್ಟೆಲ್ಲ ಒಬ್ಬರ ತಲೆಗೇ ಯಾಕೆ ಬಂತೆಂದರೆ, ನಾವು ಬರುವವರೆಗೆ ಊರಿನಲ್ಲಿ ಇದ್ದದ್ದೇ ಅವರೊಬ್ಬರು.

ನಮ್ಮೂರು ಟ್ರೆವೋಯ್ಲ್ ಒಂದು ಕಾಲಕ್ಕೆ ಪೇಟೆ. ಗುಡ್ಡದ ನೆತ್ತಿಯ ಮೇಲೆ ಕೋಟೆ ಕಟ್ಟಿಸಿದ ದೊರೆ, ಪಕ್ಕದಲ್ಲೇ ಪೇಟೆಯನ್ನೂ ಎಬ್ಬಿಸಿದ. ಎರಡಕ್ಕೂ ಸೇರಿಸಿ ಸುತ್ತ ಕಂದಕ ತೋಡಿಸಿದ. ಇಂಗ್ಲೆಂಡಿನ ಕಡೆಯಿಂದ ಜನರನ್ನು ಕರೆತಂದು ಮನೆಗೊಂದು ತುಂಡು ಜಾಗ ಹಂಚಿದ. ಬಂದವರು ಒಂದೆರಡು ತಲೆಮಾರು ಗಾಳಿ ತಿಂದರು, ಆಮೇಲೆ ಒಬ್ಬೊಬ್ಬರಾಗಿ ಇಳಿದು ಹೋದರು. ಈಗ ಕೋಟೆಯದೆಂದು ಮುರಿದ ದವಡೆ ಹಲ್ಲಿನಂಥ ಒಂದು ಗೋಡೆ ನಿಂತಿದೆ. ಪೇಟೆ ಹುಲ್ಲಿನಡಿಯ ಉಬ್ಬುತಗ್ಗಾಗಿದೆ. ಸಂಜೆಯ ಓರೆ ಬಿಸಿಲಿಗೆ ಬೀದಿಗಳು ಎದ್ದು ಕಾಣುತ್ತವೆ. ಆ ಬೀದಿಗಳಲ್ಲೇ ನೆಸ್ಟಾರ ಕುರಿಗಳು, ಪೇಟೆಗೆ ಬಂದು ಏನು ಕೊಳ್ಳಬೇಕೆಂದು ಮರೆತ ಹೆಂಗಸರ ಹಾಗೆ, ನಿಂತು ನಿಂತು ಹೋಗುತ್ತವೆ.

ಊರು ಯಾಕೆ ಹಾಳಾಯಿತು ಎಂದು ಕೇಳಿದವರಿಗೆಲ್ಲ ನೆಸ್ಟಾ ನಿನ್ನೆ ಮೊನ್ನೆ ನಡೆದದ್ದರ ಹಾಗೆ ಹೇಳುತ್ತಾರೆ.

“ಆ ದೊರೆ ಕೋಟೆ ಮೇಲೆ ನಿಂತು, ಆಹಾ, ಎಂಥಾ ನೋಟ ಅಂದ. ಊರು ಕಟ್ಟಿಸೇಬಿಟ್ಟ. ನೀರು ಎಲ್ಲಿಂದ ಹೊರ್ತೀರಿ ಅಂತ ಒಬ್ಬ ಹೆಂಗಸನ್ನಾದ್ರೂ ಕೇಳಿದ್ನಾ? ಕೇಳಿದ್ದಿದ್ರೆ ಅಷ್ಟು ಕಲ್ಲು ಉಳೀತಿತ್ತು.”

ನಾನು ಕಾರ್ಡಿಫ್‌ನಲ್ಲಿ ಓದಿ ಬೆಳೆದವಳು. ಟ್ರ್ಯಾಕ್ಟರ್ ರಿಪೇರಿ ಮಾಡುವ ಗೆಥಿನ್‌ನನ್ನು ಮದುವೆಯಾಗಿ, ನೆಸ್ಟಾರ ಹಳೇ ಕಣಜವನ್ನು ಮನೆ ಮಾಡಿಕೊಂಡು ಬಾಡಿಗೆಗೆ ಬಂದಾಗ ನನಗೆ ಆರು ತಿಂಗಳು ತುಂಬಿತ್ತು. ಕಂದಕ ನೋಡಿದೆ, ಮಗು ಅದರೊಳಗೆ ಉರುಳಿದಂತಾಯಿತು. ಗಾಳಿಯ ಸದ್ದು ಕೇಳಿದೆ, ಚಾವಣಿ ಹಾರಿದಂತಾಯಿತು. ಬಾಗಿಲಲ್ಲಿ ಕತ್ತು ಚಾಚಿ ನಿಂತ ಹೆಬ್ಬಾತುಗಳ ವಿಷಯ ಹೇಳುವುದೇ ಬೇಡ. ನೆಸ್ಟಾ ಮಾತ್ರ ನನ್ನ ಹೊಟ್ಟೆಯನ್ನೇ ದಿಟ್ಟಿಸಿ, “ಜನಸಂಖ್ಯೆ ಹೆಚ್ಚಾಗ್ತಿದೆ!” ಎಂದು ಚಪ್ಪಾಳೆ ತಟ್ಟಿದರು.

ಮಗಳು ಮಾಬ್ಲಿ ಹುಟ್ಟಿದ್ದು ಹೆರಿಫರ್ಡ್ ಆಸ್ಪತ್ರೆಯಲ್ಲಿ. ಆದರೆ ಊರು ಖಾಲಿಯಾದ ಮೇಲೆ ಟ್ರೆವೋಯ್ಲ್‌ನಲ್ಲಿ ಬಫ್ಟನ್ ಮನೆತನದ ಹೊರಗೆ ಹುಟ್ಟಿದ ಮೊದಲ ಮಗು ಅವಳೇ ಎಂದು ನೆಸ್ಟಾ ಎಲ್ಲರಿಗೂ ಸಾರಿದರು. ಹುಟ್ಟಿದ್ದು ಇಲ್ಲಲ್ಲವಲ್ಲ ಎಂದು ನಾನು ತಿದ್ದಲು ಹೋದರೆ, “ನೋವು ಶುರುವಾದದ್ದೆಲ್ಲಿ? ಕಂದಕದ ಒಳಗೆ ತಾನೆ? ಮುಗೀತು. ಮೇಯರು ನಾನೋ ನೀನೋ?” ಎಂದು ಬಾಯಿ ಮುಚ್ಚಿಸಿದರು.

ಅವರು ಹುಟ್ಟಿದ್ದು ಈ ಗುಡ್ಡದ ಮನೆಯಲ್ಲೇ. ಹತ್ತೊಂಬತ್ತಕ್ಕೆ ಬರ್ಮಿಂಗ್‌ಹ್ಯಾಮಿಗೆ ಓಡಿಹೋಗಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಅಪ್ಪನ ಸೊಂಟ ಹಿಡಿದುಕೊಂಡಾಗ ಕುರಿ ನೋಡಲು ಒಂದು ಚಳಿಗಾಲದ ಮಟ್ಟಿಗೆ ಎಂದು ಬಂದವರು ಇಲ್ಲೇ ನಿಂತರು. ಬೇಸರವಾಗಲಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

“ಆಯ್ತು, ಒಂದು ವಾರ. ಆಮೇಲೆ ಬಸ್ಸು ಸಿಕ್ತು.”

ಕಣಿವೆಯ ಶಾಲಾ ಬಸ್ಸನ್ನು ನಿವೃತ್ತಿಯವರೆಗೂ ಓಡಿಸಿದವರು ಅವರು. ಸುತ್ತಲಿನ ಗಂಡಸರು, ಅಜ್ಜಂದಿರಾದವರೂ ಸಹ, ನೆಸ್ಟಾ ತಲೆಯೆತ್ತಿ ನೋಡಿದರೆ ಸಾಕು, ಬಸ್ಸಿನ ಕನ್ನಡಿಯಲ್ಲಿ ಸಿಕ್ಕಿಬಿದ್ದವರ ಹಾಗೆ ಕೈಯಲ್ಲಿದ್ದದ್ದನ್ನು ಬೆನ್ನಹಿಂದೆ ಅಡಗಿಸುತ್ತಾರೆ.

ಅಪ್ಪನಿಂದ ಅವರಿಗೆ ಕುರಿಯ ಜೊತೆಗೆ ಸಂತೆಯೂ ಬಂತು. ಪೇಟೆಗೆ ದೊರೆ ಕೊಟ್ಟ ಹಕ್ಕುಗಳಲ್ಲಿ ಉಳಿದಿರುವುದು ಇದೊಂದೇ. ಸೆಪ್ಟೆಂಬರಿನ ಕೊನೆಗೆ ಬರುವ ಸಂತ ಮೈಕೇಲನ ಹಬ್ಬದ ದಿನ, ಕೆಳಗಿನ ಪಾಂಟ್‌ವೆನ್ ಹಳ್ಳಿಯ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ, ಕಂದಕದ ಒಳಗೆ ಒಂದಾದರೂ ವ್ಯಾಪಾರ ಆಗಬೇಕು. ಮಾರುವವರು ಊರಿನವರು, ಕೊಳ್ಳುವವರು ಹೊರಗಿನವರು. ಗಿರಾಕಿ ತಾನಾಗಿ ಬರಬೇಕು, ಬಾಯ್ಬಿಟ್ಟು ಬೆಲೆ ಕೇಳಬೇಕು. ಸಂತೆಗೆಂದು ಕರೆದು ತಂದವರು ಲೆಕ್ಕಕ್ಕಿಲ್ಲ. ಒಂದು ವರ್ಷ ತಪ್ಪಿತೋ, ಸಂತೆಯ ಹಕ್ಕು ಪಾಂಟ್‌ವೆನ್‌ಗೆ ಇಳಿದುಹೋಗುತ್ತದೆ. ಇದು ಯಾವ ಕಾನೂನು ಎಂದು ಕೇಳಬೇಡಿ. ಮೇಲಿನವರು ನಂಬುತ್ತಾರೆ, ಕೆಳಗಿನವರೂ ನಂಬುತ್ತಾರೆ, ಅಷ್ಟರ ಮೇಲೆ ನಡೆದುಕೊಂಡು ಬಂದಿದೆ.

“ಊರು ಅಂದ್ರೆ ಮನೆ ಅಲ್ಲ ಕಣೇ,” ಎಂದು ನೆಸ್ಟಾ ನನಗೆ ಹೇಳಿದ್ದರು, ಹೆಬ್ಬಾತಿನ ರೆಕ್ಕೆ ಕತ್ತರಿಸುತ್ತ. “ಮನೆ ಕುರಿಗೂ ಇರುತ್ತೆ. ಯಾರೋ ಒಬ್ರು ಹೊರಗಿಂದ ಬಂದು, ಇದಕ್ಕೆ ಎಷ್ಟು ಅಂತ ಕೇಳ್ಬೇಕು. ಆಗ ಅದು ಊರು. ಇಷ್ಟು ಜನ ಸತ್ತು, ಇಷ್ಟು ಜನ ಬಿಟ್ಟುಹೋಗಿ, ಕೊನೆಗೆ ಅದು ನನ್ನ ಕೈಯಲ್ಲಿ ಮುಗೀಬಾರ್ದು. ಮಿಕ್ಕಿದ್ದೆಲ್ಲ ಮುಗೀಲಿ ಬೇಕಾದ್ರೆ.”

ಅವರು ಮಾರುವುದು ಕೋಲು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತು, ಬೇಲಿಯಿಂದ ಕಡಿದ ಹೇಝಲ್ ಗಿಡದ ಕಡ್ಡಿಯನ್ನು ನೇರ ಮಾಡಿ, ಟಗರಿನ ಕೊಂಬನ್ನು ಬಿಸಿಗೆ ಬಗ್ಗಿಸಿ ಹಿಡಿಕೆ ಕೆತ್ತುತ್ತಾರೆ. ವರ್ಷಕ್ಕೊಂದು. ಕೊಳ್ಳುವವರು ಪಾಂಟ್‌ವೆನ್‌ನ ಮೆರ್ವಿನ್ ಹೇಮರ್. ಅವರೂ ಕುರಿಯವರೇ, ನೆಸ್ಟಾರ ಜೊತೆ ಒಂದೇ ಬೆಂಚಿನಲ್ಲಿ ಓದಿದವರು, ಈಗ ಹಳ್ಳಿಯ ಸಮಿತಿಗೆ ಅಧ್ಯಕ್ಷರು. ಅಂದರೆ ಸಂತೆ ಕೆಳಗಿಳಿದರೆ ಲಾಭವಾಗುವುದು ಅವರಿಗೇ. ಹಾಗಿದ್ದೂ ವರ್ಷ ವರ್ಷ ಗುಡ್ಡ ಹತ್ತಿ ಬಂದು, ಕೋಲನ್ನು ಹೀಗೆ ತಿರುಗಿಸಿ ಹಾಗೆ ತಿರುಗಿಸಿ, ಹಿಡಿಕೆ ಸೊಟ್ಟ, ಕಡ್ಡಿ ಹಸಿ, ಬೆಲೆ ದರೋಡೆ ಎಂದು ಬೈದು, ಕೊಂಡು ಹೋಗುತ್ತಾರೆ. ಅವರ ಹಜಾರದಲ್ಲಿ ಕೋಲಿಡಲು ಜಾಗವಿಲ್ಲ. ಎರಡು ಕಾಲಿನ ಮನುಷ್ಯನಿಗೆ ಇಷ್ಟೊಂದು ಕೋಲು ಯಾಕೆ ಎಂದು ಪಬ್ಬಿನಲ್ಲಿ ಛೇಡಿಸಿದರೆ, “ಅಗ್ಗಕ್ಕೆ ಸಿಗುತ್ತೆ” ಎನ್ನುತ್ತಾರೆ.

ನೀವಿಬ್ಬರೂ ಮದುವೆ ಯಾಕಾಗಲಿಲ್ಲ ಎಂದು ನಾನು ಕೇಳಿಯೇಬಿಟ್ಟಿದ್ದೆ. ಬಾಣಂತಿಗೆ ಇಂಥ ಸಲಿಗೆಯೆಲ್ಲ ನಡೆಯುತ್ತದೆ.

“ಕೇಳಿದ್ದ ಅವನು, ಆಗ,” ಎಂದರು ನೆಸ್ಟಾ, ಸ್ವಲ್ಪವೂ ನಾಚದೆ. “ನೀನೇ ಲೆಕ್ಕ ಹಾಕು. ನಾನು ಕೆಳಗಿಳಿದ್ರೆ ಊರು ಖಾಲಿ. ಅವನು ಮೇಲೆ ಬಂದ್ರೆ ಗಿರಾಕಿ ಇಲ್ಲ.”

ಅವರು ನಕ್ಕರು. ನಾನೂ ನಕ್ಕೆ, ಆದರೆ ಆ ದಿನವೆಲ್ಲ ಮನಸ್ಸಿಗೆ ಒಂಥರಾ ಆಯಿತು.

ಕಳೆದ ವರ್ಷದ ಆಗಸ್ಟಿನಲ್ಲಿ ಜಗಳ ಬಿತ್ತು. ನಮ್ಮ ಗುಡ್ಡದ ಮೇಲೆ ಟಗರನ್ನು ಹೆಣ್ಣುಕುರಿಗಳ ಜೊತೆ ಬಿಡುವುದು ನವೆಂಬರಿನಲ್ಲಿ, ಮರಿಗಳು ಹಿಮ ಕರಗಿದ ಮೇಲೆ ಏಪ್ರಿಲಿನಲ್ಲಿ ಹುಟ್ಟಲಿ ಎಂದು. ಕೆಳಗಿನ ಕಣಿವೆಯಲ್ಲಿ ಬೆಚ್ಚಗಿನ ಕೊಟ್ಟಿಗೆಗಳಿವೆ, ಅವರು ಆಗಸ್ಟಿನಲ್ಲೇ ಬಿಡುತ್ತಾರೆ. ಬಿಡುವ ಮುಂಚೆ ಟಗರಿನ ಎದೆಗೆ ಬಣ್ಣ ಬಳಿಯುತ್ತಾರೆ, ಯಾವ ಕುರಿ ಬಸಿರಾಗಿದೆ ಎಂದು ಅದರ ಬೆನ್ನಿಗೆ ಅಂಟಿದ ಬಣ್ಣ ನೋಡಿದರೆ ತಿಳಿಯಲೆಂದು. ಆ ಆಗಸ್ಟಿನ ಒಂದು ಬೆಳಗ್ಗೆ ನೆಸ್ಟಾರ ಹನ್ನೊಂದು ಕುರಿಗಳು ಬೆನ್ನ ಮೇಲೆ ನೀಲಿ ಬಳಿದುಕೊಂಡು, ಏನೂ ಆಗದವರ ಹಾಗೆ ಮೇಯುತ್ತಿದ್ದವು. ಅಂದರೆ ಜನವರಿಯ ಹಿಮದಲ್ಲಿ ಹನ್ನೊಂದು ಹೆರಿಗೆ. ಮೆರ್ವಿನ್ ಬಳಿಯುವುದು ನೀಲಿ. ಅವರ ಟಗರಿನ ಹೆಸರು ಡೀಕನ್. ಚರ್ಚಿನ ಹಿರಿಯರ ಹಾಗೆ ಉದ್ದ ಮುಖ ಅದಕ್ಕೆ.

ಸುಗ್ಗಿಯ ಊಟದ ದಿನ, ಪಾಂಟ್‌ವೆನ್‌ನ ಸಭಾಂಗಣದಲ್ಲಿ, ಹಂದಿಮಾಂಸದ ತಟ್ಟೆಗಳು ಓಡಾಡುತ್ತಿದ್ದಾಗ ನೆಸ್ಟಾ ಎದ್ದು ನಿಂತು ಹೇಳಿದರು.

“ಮೆರ್ವಿನ್, ನಿನ್ನ ಡೀಕನ್ ಬೇಲಿ ಹಾರಿ ಬಂದಿದ್ದ.”

“ನನ್ನ ಬೇಲಿ ಹಾರೋ ಟಗರು ಇನ್ನೂ ಹುಟ್ಟಿಲ್ಲ.”

“ಬೆನ್ನೆಲ್ಲ ನೀಲಿ!”

“ಕಣಿವೇಲಿ ಎಲ್ರೂ ನೀಲೀನೇ ಬಳೀತಾರೆ. ಆಕಾಶಾನೂ ನಂದೇ ಅಂತೀಯ? ಮತ್ತೆ ಕೇಳು ನೆಸ್ಟಾ, ಗುಡ್ಡ ಹತ್ತಿ ನಿನ್ನ ಬಡಕಲು ಕುರಿ ಹತ್ರ ಬರೋಷ್ಟು ನನ್ನ ಡೀಕನ್ ಗತಿಗೆಟ್ಟಿಲ್ಲ.”

ಜನ ನಕ್ಕರು. ನೆಸ್ಟಾ ನಗಲಿಲ್ಲ. “ಸುಳ್ಳ,” ಎಂದರು. ಇಡೀ ಸಭಾಂಗಣಕ್ಕೆ ಕೇಳುವ ಹಾಗೆ. ಬಸ್ಸಿನ ಕನ್ನಡಿಯ ದನಿಯಲ್ಲಿ.

ಮೆರ್ವಿನ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. “ಹಾಗಾದ್ರೆ ಮೇಯರಮ್ಮ, ಈ ವರ್ಷ ನಿಮ್ಮ ಸಂತೆಗೆ ಸತ್ಯವಂತರು ಯಾರಾದ್ರೂ ಸಿಗ್ತಾರಾ ನೋಡ್ಕೊಳ್ಳಿ.”

ಆವತ್ತಿನಿಂದ ನನಗೆ ನಿದ್ದೆಯಿಲ್ಲ. ನೆಸ್ಟಾ ನಿದ್ದೆ ಮಾಡುತ್ತಿದ್ದರೋ ಏನೋ, ಆದರೆ ಹಬ್ಬ ಹತ್ತಿರ ಬಂದ ಹಾಗೆಲ್ಲ ಅವರು ಗುಡ್ಡದಂಚಿಗೆ ಹೋಗಿ ಕೆಳಗಿನ ದಾರಿ ನೋಡುವುದು ಹೆಚ್ಚಾಯಿತು. ಬೇರೆ ಯಾರಿಗಾದರೂ ಹೇಳೋಣವೇ ಎಂದು ನಾನು ಪೀಡಿಸಿದೆ.

“ಕರೆದು ತಂದ್ರೆ ಗಿರಾಕಿ ಅಲ್ಲ,” ಎಂದರು.

“ಯಾರಿಗೆ ಗೊತ್ತಾಗುತ್ತೆ?”

“ನನಗೆ.”

ಹಬ್ಬದ ಬೆಳಗ್ಗೆ ಎದ್ದು ನೋಡಿದರೆ ಮಂಜು. ಬಾಗಿಲಿಂದ ಬೇಲಿ ಕಾಣದಷ್ಟು. ಇಂಥ ದಿನ ಗುಡ್ಡಕ್ಕೆ ಯಾವ ದಾರಿಹೋಕ ಬರುತ್ತಾನೆ? ಸಾಲದ್ದಕ್ಕೆ ಮಾಬ್ಲಿಯ ಎದೆಯ ಮೇಲೆ ಕೆಂಪು ಗುಳ್ಳೆ. ಹಿಂದಿನ ದಿನವೇ ಫೋನು ಮಾಡಿದ್ದೆ. ಮಕ್ಕಳನ್ನು ನೋಡಲು ಮನೆಮನೆಗೆ ಬರುವ ನರ್ಸು ಡಿಲಿಸ್ ಗಿಟ್ಟೋ, ನಾಳೆ ಬರ್ತೀನಿ ಎಂದಿದ್ದರು. ಈ ಮಂಜಿನಲ್ಲಿ ಅವರ ಕಾರು ಕಂದಕಕ್ಕೆ ಬಿದ್ದರೆ ಎಂಬುದು ನನ್ನ ಹೊಸ ಚಿಂತೆ.

ನೆಸ್ಟಾ ಅಪ್ಪನ ಕೋಟು ಹಾಕಿಕೊಂಡು, ಹಳೇ ಸಂತೆಬಯಲೆಂದು ಹೇಳುವ ಸಪಾಟು ಜಾಗದಲ್ಲಿ ಮಡಿಸುವ ಮೇಜು ಬಿಡಿಸಿ, ಮೇಲೆ ಆ ವರ್ಷದ ಕೋಲನ್ನಿಟ್ಟರು. ಹಿಡಿಕೆಗೆ ಗೋಣಿಚೀಲ ಸುತ್ತಿತ್ತು. ಮಂಜಿನತ್ತ ಮುಖ ಮಾಡಿ ಮೂರು ಸಲ ಕೂಗಿದರು: “ಟ್ರೆವೋಯ್ಲ್ ಸಂತೆ ತೆರೆದಿದೆ! ಕೊಳ್ಳೋರು ಬನ್ನಿ!” ಒಂದು ಕುರಿ ಬ್ಯಾ ಎಂದಿತು.

ಗಂಟೆ ಹತ್ತಾಯಿತು. ಹನ್ನೊಂದಾಯಿತು. ಗೆಥಿನ್ ಕೈಯೊರೆಸಿಕೊಳ್ಳುತ್ತ ಬಂದು, “ನಾನು ಒಂದ್ಸಲ ಆಚೆ ಹೋಗಿ ಈಚೆ ಬರ್ಲಾ? ಟೋಪಿ ಬೇರೆ ಹಾಕ್ಕೊಂಡು?” ಎಂದ.

“ಕಂದಕದ ಒಳಗೆ ಉಂಡವನು ಕಂದಕದವನೇ. ಹೋಗೋ.”

ಹಾಸ್ಯಕ್ಕೆ ಹೇಳಿದರೂ ಅವರ ಕೆನ್ನೆಯ ಬಣ್ಣ ಇಳಿದಿತ್ತು. ನಾನು ತಳ್ಳುಗಾಡಿಯಲ್ಲಿ ಮಗುವನ್ನು ಆಡಿಸುತ್ತ ಪಕ್ಕದಲ್ಲೇ ನಿಂತೆ. ಏನು ಹೇಳಿದರೂ ತಪ್ಪಾಗುವಂಥ ಹೊತ್ತು ಅದು, ಹಾಗಾಗಿ ಹವಾಮಾನದ ಬಗ್ಗೆ ಏನೇನೋ ಹೇಳಿದೆ.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕಾರಿನ ಬಾಗಿಲು ಹಾಕಿದ ಸದ್ದು. ನರ್ಸಮ್ಮ ಮಂಜಿನಿಂದ ಚೀಲ ಸಮೇತ ಹೊರಬಂದರು. “ಸ್ವರ್ಗಕ್ಕೆ ಬಂದ್ನೇನೋ ಅನ್ಕೊಂಡೆ, ಅಷ್ಟು ಬೆಳ್ಳಗಿದೆ,” ಎಂದು ನಗುತ್ತ ಮಾಬ್ಲಿಯ ಅಂಗಿ ಎತ್ತಿ ನೋಡಿದರು. ಗುಳ್ಳೆ ಮುಟ್ಟಿದರು. ಅಂಗಿಯ ಉಣ್ಣೆ ಮುಟ್ಟಿದರು.

“ಇದನ್ನ ಹೆಣೆದವರು ಯಾರು?”

ನೆಸ್ಟಾ ಕೋಟೆಗೋಡೆಯ ಕಡೆ ನೋಡಿದರು.

“ಮಗೂಗೆ ಏನಿಲ್ಲಮ್ಮ. ಉಣ್ಣೆ ಚುಚ್ತಿದೆ. ಒಳಗೆ ಹತ್ತಿಬಟ್ಟೆ ಹಾಕಿ,” ಎಂದ ಡಿಲಿಸ್ ಚೀಲ ಮುಚ್ಚುತ್ತ ಮೇಜಿನ ಕಡೆ ತಿರುಗಿದರು. ಕೋಲು ಎತ್ತಿಕೊಂಡರು. ನೆಲಕ್ಕೂರಿ ಭಾರ ನೋಡಿದರು. “ಎಷ್ಟು ಚೆನ್ನಾಗಿದೆ! ನಮ್ಮಪ್ಪ ಕೇಳ್ತಾನೇ ಇದ್ರು. ಇದಕ್ಕೆ ಎಷ್ಟು?”

ನೆಸ್ಟಾ ಬಾಯಿ ತೆರೆದರು. ಅಷ್ಟರಲ್ಲಿ ಮಂಜಿನೊಳಗಿಂದ ಇನ್ನೊಂದು ದನಿ ಬಂತು.

“ತಡೀರಿ! ಆ ಮಾತು ಕೇಳೋನು ನಾನು!”

ಕಂದಕದ ಏರಿ ಇಳಿದು, ಜಾರಿ, ಒಂದು ಮೊಣಕಾಲೂರಿ, ಮೆರ್ವಿನ್ ಹೇಮರ್ ಬಂದರು. ಅವರ ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಎಷ್ಟು ಹೊತ್ತಿಂದ ನಿಂತಿದ್ಯೋ ಅಲ್ಲಿ?” ಎಂದರು ನೆಸ್ಟಾ.

“ನಿಂತಿರ್ಲಿಲ್ಲ. ಹೀಗೇ ಹಾದು ಹೋಗ್ತಿದ್ದೆ.”

“ಗುಡ್ಡದ ತುದೀಲಿ? ಎಲ್ಲಿಗೆ? ಮೋಡಕ್ಕಾ?”

ಮೆರ್ವಿನ್ ಅದಕ್ಕೆ ಉತ್ತರಿಸದೆ ನರ್ಸಮ್ಮನತ್ತ ಬೆರಳು ತೋರಿಸಿದರು. “ಇವ್ರನ್ನ ಕರೆಸಿರೋದು! ಕರೆದು ತಂದ ಗಿರಾಕಿ ನಡೆಯಲ್ಲ!”

“ಕರೆಸಿದ್ದು ಮಗುವಿನ ಗುಳ್ಳೆಗೆ. ನನ್ನ ಕೋಲಿಗಲ್ಲ. ಕೋಲು ಅವ್ರ ಕಣ್ಣಿಗೆ ತಾನಾಗಿ ಬಿತ್ತು. ನಡೆಯುತ್ತೆ.”

“ಯಾರು ಹೇಳಿದ್ದು?”

“ಮೇಯರು.”

ಡಿಲಿಸ್‌ಗೆ ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ, ಏನೋ ನಡೆಯುತ್ತಿದೆ ಎಂದು ತಿಳಿಯಿತು. “ನಾನು ಇಪ್ಪತ್ತು ಪೌಂಡ್ ಕೊಡ್ತೀನಪ್ಪ,” ಎಂದರು.

“ಇಪ್ಪತ್ತೈದು,” ಎಂದರು ಮೆರ್ವಿನ್.

“ಮೂವತ್ತು!” ನರ್ಸಮ್ಮನ ಕಣ್ಣುಗಳು ಹೊಳೆಯುತ್ತಿದ್ದವು. ಇನ್ನೂ ನೋಡಬೇಕಾದ ಮಕ್ಕಳನ್ನು ಅವರು ಮರೆತೇಬಿಟ್ಟಿದ್ದರು.

ಒಬ್ಬ ಗಿರಾಕಿಗಾಗಿ ಕಾದ ಸಂತೆಗೆ ಇಬ್ಬರು ಬಂದಿದ್ದರು. ನೆಸ್ಟಾ ಮೇಜಿನ ಅಂಚು ಹಿಡಿದುಕೊಂಡರು. ಬೆಳಗಿನಿಂದ ಇಳಿದಿದ್ದ ಬಣ್ಣ ಒಂದೇ ಸಲಕ್ಕೆ ವಾಪಸು ಬಂತು, ಬಡ್ಡಿ ಸಮೇತ.

“ದುಡ್ಡು ಸಾಕು, ಇಬ್ರೂ ನಿಲ್ಸಿ,” ಎಂದರು. “ಮೆರ್ವಿನ್, ನರ್ಸಮ್ಮ ಮೂವತ್ತು ಅಂದ್ರು. ನೀನು ಮೂವತ್ತರ ಮೇಲೆ ಇನ್ನೇನು ಹಾಕ್ತೀಯ? ಮೊದ್ಲು ಸಾಮಾನು ನೋಡು.” ಹಿಡಿಕೆಗೆ ಸುತ್ತಿದ್ದ ಗೋಣಿ ಬಿಚ್ಚಿದರು.

ಕೊಂಬಿನಲ್ಲಿ ಕೆತ್ತಿದ್ದದ್ದು ಟಗರಿನ ತಲೆ. ಉದ್ದ ಮುಖ, ಭಕ್ತಿಯಿಂದ ಅರೆಮುಚ್ಚಿದ ಕಣ್ಣು, ತುದಿ ಹರಿದ ಎಡಕಿವಿ.

ಮೆರ್ವಿನ್ ಟೋಪಿ ತೆಗೆದರು. “ಅಯ್ಯೋ, ನಮ್ಮ ಡೀಕನ್!” ಎಂದು ಹಿಡಿಕೆಯನ್ನು ನಿಜವಾದ ಟಗರಿನ ಹಾಗೆ ನೇವರಿಸಿದರು. “ಅವನೇ ಕಣೇ! ಹೋದ ತಿಂಗಳು ತಂತಿಗೆ ಸಿಕ್ಕಿ ಹರಿದ ಕಿವೀನೂ ಬಿಟ್ಟಿಲ್ಲ! ಇಷ್ಟು ಸರಿಯಾಗಿ ಹೆಂಗೆ ಕೆತ್ತಿದೆ?”

“ಎದುರಿಗೆ ಕೂರಿಸ್ಕೊಂಡು, ಚಳಿಗಾಲದ ಹಿಡಿಕೆ ಕಿತ್ತು ಹೊಸದು ಕೆತ್ತಿದೆ. ಆಗಸ್ಟ್ ತಿಂಗಳಲ್ಲಿ ಒಂದು ವಾರ ನನ್ನ ಕೊಟ್ಟಿಗೆ ಹಿಂದೇನೇ ಇದ್ನಲ್ಲ, ನನ್ನ ಹುಲ್ಲು ತಿಂದ್ಕೊಂಡು. ಆ ಕಿವಿ ಹರಿದದ್ದು ನನ್ನ ಬೇಲಿ ತಂತೀಲೇ.”

ಮೆರ್ವಿನ್ ಕೋಲು ನೋಡಿದರು, ನರ್ಸಮ್ಮನನ್ನು ನೋಡಿದರು, ಕೆಳಗೆ ಮಂಜಿನಲ್ಲಿ ಮುಳುಗಿದ್ದ ತಮ್ಮ ಹಳ್ಳಿಯತ್ತ ನೋಡಿದರು. ಕೆಳಗೆ ಗಂಟೆಯ ಹಗ್ಗ ಹಿಡಿದು ಯಾರೋ ನಿಂತಿರುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಗಂಟೆ ಆಗುತ್ತೆ, ಬೇಗ,” ಎಂದವಳು ನಾನು. ತಡೆದುಕೊಳ್ಳಲಾಗಲಿಲ್ಲ.

“ಟಗರು ನಂದೇ,” ಎಂದರು ಮೆರ್ವಿನ್, ತಮ್ಮ ಬೂಟಿಗೆ ಹೇಳುವವರ ಹಾಗೆ.

“ಏನಂದೆ? ಗಾಳಿ ಜೋರು.”

ಗಾಳಿಯೇ ಇರಲಿಲ್ಲ.

“ಟಗರು ನಂದು ಕಣೇ! ಬೇಲಿ ನಂದು, ಮುರಿದಿದ್ದೂ ನಂದು, ನೀಲೀನೂ ನಂದು! ಸಭೇಲಿ ಹೇಳಿದ್ದು ಸುಳ್ಳು. ಆಯ್ತಾ?”

ನೆಸ್ಟಾ ಅಂಗೈಗೆ ಉಗುಳಿಕೊಂಡು ಮುಂದೆ ಚಾಚಿದರು. ಮೆರ್ವಿನ್ ಆ ಅಂಗೈಗೆ ಚಟಾರೆಂದು ಹೊಡೆದರು. ವ್ಯಾಪಾರ ಮುಗಿಯಿತು. ಆ ಚಟಾರದ ಹಿಂದೆಯೇ ಕೆಳಗಿನಿಂದ ಗಂಟೆ ಹೊಡೆಯಿತು, ಮಾಬ್ಲಿ ಬೆಚ್ಚಿಬಿದ್ದು ಅಳತೊಡಗಿದಳು, ನನಗೂ ಯಾಕೋ ಅಳು ಬಂತು. ನರ್ಸಮ್ಮನಿಗೆ ಏನೂ ಸಿಗಲಿಲ್ಲವಲ್ಲ ಎಂದು ನೆಸ್ಟಾ, ಅವರಪ್ಪನಿಗೆ ಒಂದು ಕೋಲು ಕೆತ್ತಿಕೊಡುವ ಮಾತು ಕೊಟ್ಟರು.

ಸಮಾಧಾನ ಬಂತು ಎಂದುಕೊಳ್ಳುವಷ್ಟರಲ್ಲಿ ಮೆರ್ವಿನ್ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಶುರುಮಾಡಿದರು. “ಟಗರು ನಂದು ಅಂತ ಒಪ್ಕೊಂಡ್ಮೇಲೆ, ಮರೀಲಿ ಅರ್ಧ ನಂದು ತಾನೆ?”

“ತಗೋ. ಯಾರು ಬೇಡ ಅಂದ್ರು? ಜನವರೀಲಿ ಹಿಮ ಬಿದ್ದಾಗ ನೀನೇ ಬಂದು ಹೆರಿಗೆ ಮಾಡಿಸು, ಅರ್ಧ ತಗೋ.”

“ಬರ್ತೀನಿ!”

ಒಪ್ಪಿಕೊಂಡದ್ದು ಏನನ್ನು ಎಂದು ಅವರಿಗೆ ಹೊಳೆದದ್ದು ಗುಡ್ಡ ಇಳಿದ ಮೇಲಿರಬೇಕು.

ಆದರೆ ಬಂದರು. ಜನವರಿಯ ಎರಡನೇ ವಾರ ಕಂದಕದ ಬಾಯಿಯವರೆಗೆ ಹಿಮ ತುಂಬಿತ್ತು. ಮೆರ್ವಿನ್ ದಿನಾ ಬೆಳಗ್ಗೆ ಡೀಕನ್ ತಲೆಯ ಕೋಲೂರಿಕೊಂಡು ಹತ್ತಿ ಬಂದು, ತೋಳು ಮಡಚಿ, ಮೊಣಕೈಯವರೆಗೆ ಕೈ ಹಾಕಿ ಮರಿಗಳನ್ನು ಎಳೆದು ತೆಗೆಯುತ್ತಿದ್ದರು. ಅವರ ಬಾಯಿ ಬೈಯುತ್ತಿತ್ತು, ಕೈ ಮಾತ್ರ ಎಷ್ಟು ಮೆತ್ತಗಿತ್ತೆಂದರೆ, ನನ್ನ ಹೆರಿಗೆಯ ದಿನ ಇಂಥ ಒಬ್ಬರಿದ್ದಿದ್ದರೆ ಎಂದುಕೊಂಡೆ. ಒಂದು ಮರಿ ಉಸಿರಾಡದಿದ್ದಾಗ ಇಬ್ಬರೂ ಮೊಣಕಾಲೂರಿ, ಒಬ್ಬರು ಹುಲ್ಲಿನಿಂದ ಉಜ್ಜಿ, ಒಬ್ಬರು ಮೂಗಿಗೆ ಊದಿ, ಅದು ಸೀನಿದ ಕೂಡಲೇ “ಇದು ನನ್ನ ಅರ್ಧ” “ಇಲ್ಲ ನನ್ನದು” ಎಂದು ಹೊಯ್ದಾಡಿದರು.

ಮಧ್ಯಾಹ್ನವಾದರೆ ನೆಸ್ಟಾ ಗಡಿಯಾರ ನೋಡಿ, ಮೆರ್ವಿನ್‌ರನ್ನು ಕೊಟ್ಟಿಗೆಯಿಂದ ಎಬ್ಬಿಸಿ, ಕಂದಕ ದಾಟಿಸಿ ಆಚೆಯ ಏರಿಯ ಮೇಲೆ ನಿಲ್ಲಿಸುತ್ತಿದ್ದರು. ಆಮೇಲೆ ಕುರಿಮಾಂಸದ ಬಿಸಿ ಸಾರಿನ ಪಾತ್ರೆ, ಬ್ರೆಡ್ಡು, ಚೀಸು ಹೊತ್ತುಕೊಂಡು ಹೋಗಿ ಅವರ ಕೈಗೆ ಕೊಟ್ಟು, ತಾವು ಈಚೆಯ ಏರಿಯ ಮೇಲೆ ಬಂದು ಗೋಣಿ ಹಾಸಿ ಕೂತು ತಿನ್ನುತ್ತಿದ್ದರು. ಮಧ್ಯೆ ಹಿಮ.

“ಒಳಗೆ ಒಲೆ ಉರೀತಿದೆ. ಇಲ್ಲಿ ಕಾಲು ಸೆಟ್ಕೊಂಡಿದೆ,” ಎಂದು ಮೆರ್ವಿನ್ ಆಚೆಯಿಂದ ಕೂಗಿದರು.

“ಒಳಗೆ ಉಂಡ್ರೆ ಊರಿನವನಾಗ್ತೀಯ. ಆಮೇಲೆ ಸೆಪ್ಟೆಂಬರಲ್ಲಿ ಕೋಲು ಯಾರಿಗೆ ಮಾರ್ಲಿ?”

“ಆ ನರ್ಸಮ್ಮಂಗೆ ಮಾರು!”

ನೆಸ್ಟಾ ಚಮಚ ಕೆಳಗಿಟ್ಟರು. ಆಚೆಯ ದಡ ನೋಡಿದರು. ನಾನು ಮಾಬ್ಲಿಯ ಟೋಪಿ ಸರಿಮಾಡುವ ನೆಪದಲ್ಲಿ ಅಲ್ಲೇ ಇದ್ದೆ.

“ಯೋಚ್ನೆ ಮಾಡ್ತೀನಿ,” ಎಂದು ಕೂಗಿದರು. “ಸಾರು ಆರೋಕ್ಮುಂಚೆ ಕುಡಿ.”

“ಉಪ್ಪು ಕಮ್ಮಿ!”

“ಬಂದು ತಗೊಂಡು ಹೋಗು ಹಾಗಾದ್ರೆ!”

ಮೆರ್ವಿನ್ ಪಾತ್ರೆ ಹಿಡಿದುಕೊಂಡೇ ಎದ್ದು ನಿಂತರು.